ಕಾದ ನೆಲವನ್ನು ಮತ್ತೆ ಕಾಯಿಸುವ ಶಾಸ್ತ್ರ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂಬ ತಾಲೂಕು ಚತುಷ್ಟಯದಲ್ಲಿ ಫರಸಿಯ ಅಡಿಗೆ ಕೊಳವೆ ಹೂಡಿ, ಬಿಸಿನೀರು ಹರಿಸಿ, ಮನೆ ಬೆಚ್ಚಗಿಡುವ ವಿಧಾನವನ್ನು ನಿರೂಪಿಸುವುದು ಈ ಪ್ರಬಂಧದ ಪ್ರತಿಜ್ಞೆ. ಅದರ ಅಗತ್ಯವೇನು ಎಂಬ ಪ್ರಶ್ನೆ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ. ರೋಮನ್ನರು ನೆಲವನ್ನು ಗಿಡ್ಡ ಕಂಬಗಳ ಮೇಲೆ ನಿಲ್ಲಿಸಿ ಕೆಳಗೆ ಬಿಸಿಗಾಳಿ ಹಾಯಿಸಿದರು. ಕೊರಿಯಾದವರು ಒಲೆಯ ಹೊಗೆಯನ್ನು ಹಾಸುಗಲ್ಲಿನ ಅಡಿ ಸುತ್ತಿಸಿ 'ಒಂಡೋಲ್' ಎಂದರು. ಕೃಷ್ಣಾ-ಘಟಪ್ರಭಾ ತೀರದವರು ಹಿಂದುಳಿಯುವುದು ಸರಿಯಲ್ಲ.

ಮೊದಲು ತೇವದ ವಿಚಾರ. 18 ಇಂಚು ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಕಾಂಕ್ರೀಟಿಗೆ ನಾಲ್ಕೂ ಅಂಚು ಟೇಪು ಹಚ್ಚಿ ಅಂಟಿಸಿ, ಕನಿಷ್ಠ 16 ತಾಸು ಬಿಟ್ಟು ಎತ್ತಿ ನೋಡಬೇಕೆಂದು ಅಮೆರಿಕದ ಮಾನಕ ವಿಧಿಸುತ್ತದೆ. ಅಡಿಯಲ್ಲಿ ಹನಿ ಕಂಡರೆ ನೆಲ ಹಸಿ. ಘಟಪ್ರಭಾ ಎಡದಂಡೆ ಕಾಲುವೆಯ ಮಗ್ಗುಲ ಊರುಗಳಿಗೆ ಇಷ್ಟು ಶ್ರಮ ಬೇಡ. ಕಬ್ಬಿಗೆ ಹಗಲಿರುಳು ಬಿಟ್ಟ ನೀರು ಎರೆಭೂಮಿಯಲ್ಲಿ ಬಸಿಯದೆ ನಿಂತು, ಕೆಳಗಿನ ಜಲವನ್ನು ಮೇಲೆತ್ತಿ, ಜೊತೆಗೆ ಉಪ್ಪನ್ನೂ ತಂದು, ಹೊಲಗಳನ್ನು ಸವಳು-ಜವಳು ಮಾಡಿದೆ. ಉಪ್ಪಿಗೆ ಹೊಲ ಯಾವುದು, ಪಡಸಾಲೆ ಯಾವುದು ಎಂಬ ಭೇದವಿಲ್ಲ. ಗೋಡೆಯ ಬುಡದಲ್ಲಿ ಬೆಳ್ಳಗೆ ಅರಳಿ ಗಿಲಾವು ಉದುರಿಸುತ್ತದೆ. ಬೀಳಗಿಯ ಕಡೆ ಆಲಮಟ್ಟಿಯ ಹಿನ್ನೀರು ಬೇರೆ. ಸುತ್ತಲೂ ನೀರು, ಆದರೂ ಮೈಯೆಲ್ಲ ಸೆಕೆ. ಸರೋವರದ ತಳದಲ್ಲಿ ಅಡಗಿದ ದುರ್ಯೋಧನನಿಗೂ ಬೆವರು ಬಂತೆಂಬ ಕಲ್ಪನೆ ಮುಧೋಳ ಸೀಮೆಯ ರನ್ನನಿಗೇ ಹೊಳೆದದ್ದು ಏಕೆಂದು ಸಾಹಿತ್ಯ ವಿಮರ್ಶಕರು ಇನ್ನಾದರೂ ಗಮನಿಸಬೇಕು.

ಪರಿಹಾರ ಸರಳ: ಗಟ್ಟಿ ಮಾಡಿದ ಗರಸಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಸಿ, ಅದರಂಚನ್ನು ಗೋಡೆಯೊಳಗಿನ ತೇವತಡೆ ಪದರಕ್ಕೆ ಕೂಡಿಸಿ, ಮೇಲೆ ಕಾಂಕ್ರೀಟು ಹಾಕುವುದು.

ಮಟ್ಟದ ವಿಚಾರ ಸರಳವಲ್ಲ. ಎರಡು ಮೀಟರಿನ ಪಟ್ಟಿ ಇಟ್ಟರೆ ಅಡಿಯಲ್ಲಿ 3 ಮಿಲಿಮೀಟರಿಗಿಂತ ಹೆಚ್ಚು ಸಂದು ಇರಬಾರದೆಂಬುದು ಬ್ರಿಟಿಷರ ಉತ್ತಮ ದರ್ಜೆ. ಎರೆಮಣ್ಣು ಬ್ರಿಟಿಷರ ಕಾಲದಲ್ಲೂ ಇದನ್ನು ಒಪ್ಪಿರಲಿಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಸಂಕ್ರಾಂತಿಗೆ ಸಮವಾದದ್ದು ಶ್ರಾವಣಕ್ಕೆ ಸಮವಲ್ಲ. ಈ ಕುರಿತು ಗೌಂಡಿ ಮತ ಹೀಗಿದೆ: "ಸರ, ಮೊದಲ ಎರಿ ಮಣ್ಣ ತಗಸ್ರಿ. ಗರಸ ತುಂಬಿ, ನೀರ ಹೊಡದು, ದಿಮ್ಮಸ ಬಡಸ್ರಿ. ಆಮ್ಯಾಲ ನೆಲಾ ಕಾಸೂದೋ ಹುರಿಯೂದೋ ನಿಮ್ಮ ಇಚ್ಛಾ." ಲೆವೆಲ್ ಪೈಪು ಹಿಡಿದು ಹೇಳಿದ ಈ ಸೂತ್ರಕ್ಕೆ ಭಾಷ್ಯ ಬರೆಯುವ ಧೈರ್ಯ ನಮಗಿಲ್ಲ.

ಇಲ್ಲಿ ರಬಕವಿ-ಬನಹಟ್ಟಿಯ ನೇಕಾರರು ಪೂರ್ವಪಕ್ಷ ಹೂಡುತ್ತಾರೆ. ಒಣಹವೆಯಲ್ಲಿ ಹತ್ತಿಯ ಎಳೆ ಪದೇ ಪದೇ ಕಡಿಯುತ್ತದೆ. ಕುಣಿಮಗ್ಗದ ಕುಣಿಯ ತಂಪು ನೂಲನ್ನು ಹದದಲ್ಲಿಡುತ್ತಿತ್ತು. ಅಂದರೆ ತೇವ ಓಡಿಸುವವನು ನೇಯ್ಗೆಯ ವೈರಿ. ಆದರೆ ಕುಣಿಮಗ್ಗಗಳ ಜಾಗಕ್ಕೆ ಬಹುಮಟ್ಟಿಗೆ ವಿದ್ಯುತ್ ಮಗ್ಗಗಳು ಬಂದಿರುವುದರಿಂದ, ಅವುಗಳ ಖಟಖಟದಲ್ಲಿ ಈ ಆಕ್ಷೇಪ ನಮಗೆ ಕೇಳಿಸಲಿಲ್ಲವೆಂದು ದಾಖಲಿಸುತ್ತೇವೆ.

ನಿಜವಾದ ತೊಡಕು ಬೇರೆಯೇ. ಯುರೋಪಿನ ಇಎನ್ 1264 ಮಾನಕದ ಪ್ರಕಾರ, ಜನ ಓಡಾಡುವ ಕೋಣೆಯಲ್ಲಿ ಕಾಯಿಸಿದ ನೆಲದ ಮೇಲ್ಮೈ 29 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಹೊರಗೆ ಬಿಸಿಲು 40 ದಾಟಿದ ವೈಶಾಖದಲ್ಲಿ ಜಮಖಂಡಿಯ ಪಡಸಾಲೆಗಳು ಯಾವ ಕೊಳವೆಯೂ ಇಲ್ಲದೆ ಈ ಮಾನಕವನ್ನು ಉಲ್ಲಂಘಿಸುತ್ತಿವೆ. ಅಂಗಳವಂತೂ ಶಿಕ್ಷಾರ್ಹ.

ಹಾಗಾದರೆ ಕೊಳವೆಯಲ್ಲಿ ತಣ್ಣೀರು ಹರಿಸಬಾರದೇಕೆ? ಹೈದರಾಬಾದಿನ ಇನ್ಫೋಸಿಸ್ ಕಟ್ಟಡವೊಂದರಲ್ಲಿ ಕಾಂಕ್ರೀಟಿನೊಳಗೆ ಕೊಳವೆ ಹೂಡಿ ತಣ್ಣೀರಿನಿಂದಲೇ ಕೋಣೆ ತಂಪಾಗಿಸಿದ್ದಾರೆ. ಅಲ್ಲಿ ಒಳಗಿನ ಗಾಳಿಯ ತೇವವನ್ನೂ ಯಂತ್ರ ಹೀರುತ್ತದೆ. ಕಿಟಕಿ ತೆರೆದಿಟ್ಟು ಬಾಳುವ ನಮ್ಮ ಮನೆಗಳಲ್ಲಿ ಮಳೆಗಾಲದ ಗಾಳಿ ತಣ್ಣನೆಯ ಫರಸಿಗೆ ತಾಗಿದರೆ ಹನಿಗಟ್ಟುತ್ತದೆ. ಕೆಳಗಿನಿಂದ ತಡೆದ ನೀರು ಮೇಲಿನಿಂದ ಬಂದು ಕೂರುತ್ತದೆ.

ಆದ್ದರಿಂದ ನಮ್ಮ ನಿರ್ಣಯ: ಪ್ಲಾಸ್ಟಿಕ್ಕು, ಗರಸು, ಮಟ್ಟ ಇವಿಷ್ಟನ್ನು ತಪ್ಪದೆ ಮಾಡಿಸಿರಿ, ಕೊಳವೆಯ ದುಡ್ಡನ್ನು ಹೊಲದ ಬಸಿಗಾಲುವೆಗೆ ಹಾಕಿರಿ. ಬೆಚ್ಚಗಿನ ನೆಲ ಬೇಕೇ ಬೇಕೆನ್ನುವವರು ಏಪ್ರಿಲಿನ ಯಾವುದೇ ಮಧ್ಯಾಹ್ನ ಚಪ್ಪಲಿ ಬಿಟ್ಟು ಅಂಗಳಕ್ಕೆ ಇಳಿಯಬಹುದು. ಹೆಸ್ಕಾಂ ಬಿಲ್ಲು ಬರುವುದಿಲ್ಲ.