ನೀರುದೋಸೆಗೆ ಎಷ್ಟು ಮೂಲೆ?

ನೀರುದೋಸೆಯನ್ನು ನಮ್ಮ ಕಡೆ ಎರಡು ಸಲ ಮಡಚಿಯೇ ಬಡಿಸುವುದು. ಕಾವಲಿಯಲ್ಲಿದ್ದಾಗ ವೃತ್ತ, ಒಮ್ಮೆ ಮಡಚಿದರೆ ಅರ್ಧವೃತ್ತ, ಇನ್ನೊಮ್ಮೆ ಮಡಚಿದರೆ? ಅಂಗನವಾಡಿಗೆ ಹೋಗುವ ಮಕ್ಕಳನ್ನು ಕೇಳಿದರೆ ‘ತ್ರಿಭುಜ’ ಅಂತಾರೆ. ಮೂರು ಮೂಲೆ ಉಂಟಲ್ಲ, ಮತ್ತೆಂತ ಬೇಕು? ಬೇಕು ಮಾರಾಯ್ರೆ. ತ್ರಿಭುಜದ ಮೂರು ಬದಿಯೂ ನೆಟ್ಟಗಿರಬೇಕು. ನಮ್ಮ ದೋಸೆಯ ಒಂದು ಬದಿ ಬಾಗಿಕೊಂಡೇ ಇರುತ್ತದೆ. ಆ ಬಾಗಿದ ಬದಿಯನ್ನೇ ಮೊದಲು ತಿಂದು ತ್ರಿಭುಜ ಮಾಡಿಕೊಳ್ಳುವ ಕಿಲಾಡಿಗಳೂ ಇದ್ದಾರೆ ಬಿಡಿ.

ಗೋಡೆಯ ಚಾರ್ಟ್ ನೋಡಿ ವೃತ್ತ, ಚೌಕ, ಆಯತ, ತ್ರಿಭುಜ ಅಂತ ಮಕ್ಕಳು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ನಾವೂ ಖುಷಿಯಲ್ಲಿ ಬೆನ್ನು ತಟ್ಟುತ್ತೇವೆ. ಅದೇ ಚೌಕವನ್ನು ಒಂದು ಮೂಲೆಯ ಮೇಲೆ ನಿಲ್ಲಿಸಿ ಕೇಳಿ ನೋಡುವಾ: “ಡೈಮಂಡ್!” ಮನೆಯಲ್ಲಿ ಇಸ್ಪೀಟು ಆಡುವವರು ಯಾರು ಅಂತ ಆಗ ಗೊತ್ತಾಗುತ್ತದೆ. ತ್ರಿಭುಜವನ್ನು ತಲೆಕೆಳಗು ಮಾಡಿದರೆ ಅದು ಐಸ್‌ಕ್ರೀಮಿನ ಕೋನು. ಜಾತ್ರೆಯಲ್ಲಿ ಒಮ್ಮೆ ಕಂಡ ನೆಂಟರು ಇನ್ನೊಂದು ದಿನ ಬೇರೆ ಅಂಗಿ ಹಾಕಿ ಬಂದರೆ ಗುರುತು ಸಿಗುವುದಿಲ್ಲವಲ್ಲ, ಹಾಗೆ. ಹಾಲೆಂಡಿನಲ್ಲಿ ವಾನ್ ಹೀಲೆ ಅಂತ ಗಂಡ ಹೆಂಡತಿ ಇದ್ದರು, ಇಬ್ಬರೂ ಲೆಕ್ಕದ ಮೇಷ್ಟ್ರುಗಳು. ಮಕ್ಕಳು ಮೊದಲು ನೋಡುವುದು ಆಕಾರದ ಒಟ್ಟು ಚಹರೆ, ಬದಿ-ಮೂಲೆಗಳ ವಿಚಾರ ಆಮೇಲಿನದ್ದು ಅಂತ 1957ರಲ್ಲೇ ಬರೆದಿಟ್ಟರು. ಗಂಡ ಹೆಂಡತಿ ಕೂತು ಚೌಕದ ಬಗ್ಗೆ ಮಾತಾಡಿದ ಮನೆ ಹೇಗಿದ್ದಿರಬಹುದು, ಅಲ್ವಾ?

ಹಾಗಾಗಿ ಒಂದೇ ಉಪಾಯ: ತಿರುಗಿಸಿ ತಿರುಗಿಸಿ ತೋರಿಸುವುದು, ಬೆರಳಲ್ಲಿ ಮೂಲೆ ಮುಟ್ಟಿ ಎಣಿಸಲು ಹೇಳುವುದು. ಸಾಮಾನಿಗೆ ಇಲ್ಲಿ ಬರಗಾಲವೇ? ಅಡಿಕೆ ಹಾಳೆಯ ತಟ್ಟೆ ದುಂಡಗಿನದ್ದೂ ಉಂಟು, ಚೌಕದ್ದೂ ಉಂಟು. ಕೆಮ್ಮಿಂಜೆಯಲ್ಲಿ 1986ರಿಂದ ಕ್ಯಾಂಪ್ಕೋದವರು ಚಾಕೊಲೇಟು ಮಾಡುತ್ತಿದ್ದಾರೆ. ಉದ್ದನೆಯ ಚಾಕೊಲೇಟು ಕೈಗೆ ಕೊಟ್ಟರೆ ಆಯತದ ಪಾಠಕ್ಕೆ ಯಾವ ಮಗುವೂ ಆಕಳಿಸುವುದಿಲ್ಲ. ಪಾಠ ಮುಗಿಯುವವರೆಗೆ ಆಯತ ಉಳಿಯಬೇಕಷ್ಟೆ.

ಆದರೆ ತಟ್ಟೆಗೂ ಚಾಕೊಲೇಟಿಗೂ ದಪ್ಪ ಉಂಟು. ಬರೀ ಚಪ್ಪಟೆ ಆಕಾರ ಬೇಕಾದರೆ ಅಚ್ಚು ಒತ್ತಬೇಕು. ಬೆಂಡೆಕಾಯಿ ಅಡ್ಡ ಕೊಯ್ದು ಬಣ್ಣದಲ್ಲಿ ಅದ್ದಿ ಕಾಗದಕ್ಕೆ ಒತ್ತಿ, ಹೆಚ್ಚಾಗಿ ಐದು ಮೂಲೆ ಬರುತ್ತದೆ. ದಾರೆಹುಳಿ ಕೊಯ್ದರೆ ನಕ್ಷತ್ರ. ಬಾಳೆದಿಂಡು ವೃತ್ತದೊಳಗೆ ವೃತ್ತ. ಪಲ್ಯಕ್ಕೆ ಇಟ್ಟದ್ದು ಪಾಠಕ್ಕೆ ಹೋಯಿತು ಅಂತ ಅಜ್ಜಿ ಗೊಣಗಿದರೆ ಕೇಳಿಸದ ಹಾಗೆ ಇರಬೇಕು!

ಮಕ್ಕಳು ಆಡುತ್ತಲೇ ಕಲಿಯಲಿ ಅಂತ ನಮ್ಮಲ್ಲಿ ಹೇಳುವವರು ಇಲ್ಲದಿರಲಿಲ್ಲ. ನಲಿಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. ಅದಕ್ಕೂ ಎಷ್ಟೋ ಮೊದಲೇ ನಮ್ಮ ಪುತ್ತೂರಿನ ಬಾಲವನದಲ್ಲಿ ಕಾರಂತರು ಮಕ್ಕಳನ್ನು ಕಟ್ಟಿಕೊಂಡು ಕುಣಿಸಿದವರು. ದೊಡ್ಡವರಿಗೆ ಅವರ ಹುಬ್ಬು ಕಂಡರೇ ಭಯ, ಮಕ್ಕಳಿಗೆ ಮಾತ್ರ ಅಜ್ಜ! ಅದು ಹೇಳಹೊರಟರೆ ಸಂಜೆ ಆದೀತು.

ಎಲ್ಲಿದ್ದೆ... ಹಾಂ, ಆಕಾರ. ಹೆಸರು ಕಲಿತ ಮಕ್ಕಳ ಹತ್ತಿರ ನಕ್ಷೆ ಮಾತ್ರ ತೋರಿಸಬೇಡಿ. ಮೊನ್ನೆ ಪಕ್ಕದ ಮನೆಯ ಪೋರಿ ಕೇಳಿದಳು, ಸುಳ್ಯ ತಾಲೂಕು ಯಾವ ಆಕಾರ ಅಂತ. ಯಾವ ಸುಳ್ಯ? ಸುಬ್ರಹ್ಮಣ್ಯ ಇದ್ದ ಸುಳ್ಯವೋ, ಅದು ಕಡಬಕ್ಕೆ ಹೋದ ಮೇಲಿನ ಸುಳ್ಯವೋ? ಪುತ್ತೂರಿನಿಂದಷ್ಟು, ಸುಳ್ಯದಿಂದಷ್ಟು ಊರು ತೆಗೆದು ಕಡಬ ಮಾಡಿದ ಮೇಲೆ ಮೂರಕ್ಕೂ ಚಾರ್ಟಿನಲ್ಲಿ ಹೆಸರಿಲ್ಲ. “ಮೂಲೆ ಎಣಿಸು” ಅಂದೆ. ಎಣಿಸುತ್ತಾ ಇದ್ದಾಳೆ, ಇನ್ನೂ ಮುಗಿದ ಹಾಗಿಲ್ಲ.