ಅರೇ ಅವರೊಡನೆ ಅರೆಗಳಿಗೆ

ಠಾಣೆಯ ವರ್ತಕ ನಗರದ ಒಂದು ಫ್ಲ್ಯಾಟ್. ಐರೋಲಿಯ ಆಫೀಸಿನ ಕೆಲಸ ಮನೆಗೂ ಹೊತ್ತು ತಂದ ಕುಂದಾಪುರದ ಹುಡುಗ ಊಟಕ್ಕೆ ಎದ್ದ ಹೊತ್ತು ನೋಡಿ, ಅವನ ಲ್ಯಾಪ್‌ಟಾಪಿನಲ್ಲಿದ್ದ ಜಾವಾಸ್ಕ್ರಿಪ್ಟ್‌ನ ಅರೇ ಅವರನ್ನು ಮಾತಿಗೆಳೆದೆವು. ಬಂದದ್ದನ್ನೆಲ್ಲ ಸಾಲಾಗಿ ನಿಲ್ಲಿಸುವುದು ಅವರ ಕಸುಬು.

ಪ್ರಶ್ನೆ: ಸಾಲಿನ ಕೊನೆಯವರನ್ನು ಕರೆಯುವುದೇ ನಿಮ್ಮಲ್ಲಿ ಕಷ್ಟವಿತ್ತಂತೆ?

ಅರೇ: ಕಷ್ಟವೇನು? ನನ್ನ ಹೆಸರು ಹೇಳಿ, ಚೌಕ ಕಂಸದೊಳಗೆ ಮತ್ತೆ ನನ್ನ ಹೆಸರು, ಚುಕ್ಕಿ, ಲೆಂಗ್ತ್, ಅದರಲ್ಲಿ ಒಂದು ಕಳೆಯಿರಿ. ಪೈಥಾನ್‌ನಲ್ಲಿ ಮೈನಸ್ ಒಂದು ಅಂದರೆ ಸಾಕು. ನನ್ನಲ್ಲಿ ಹಾಗೆಂದರೆ ‘ಮೈನಸ್ ಒಂದು’ ಎಂಬ ಹೆಸರಿನವರು ಯಾರಾದರೂ ಇದ್ದಾರೆಯೇ ಎಂದು ಹುಡುಕಿ, ಅನ್‌ಡಿಫೈನ್ಡ್ ಎಂದು ಕೈತೊಳೆದುಕೊಳ್ಳುತ್ತೇನೆ. 2022ರಲ್ಲಿ ಮೈನಸ್ ಒಂದಕ್ಕೂ ಓಗೊಡುವ ‘ಅಟ್’ ಬಂತು, ಬಿಡಿ.

(ಹುಡುಗನ ಕಡತದಲ್ಲಿ ‘ಗೆಟ್‌ಲಾಸ್ಟ್’ ಇತ್ತು. ಕೆಳಗೆ ‘ಗೆಟ್‌ಲಾಸ್ಟ್2’ ಕೂಡ.)

ಪ್ರಶ್ನೆ: ಇಷ್ಟಕ್ಕೆ ಅಷ್ಟು ವರ್ಷವೇ?

ಅರೇ: ಹೆಸರು ಸಿಗಬೇಕಲ್ಲ ಸ್ವಾಮಿ! ಡೊಂಬಿವಲಿ ಲೋಕಲ್‌ನಲ್ಲಿ ಕರ್ಚೀಫ್ ಹಾಕಿ ಸೀಟು ಹಿಡಿಯುವಂತೆ, ಮೂಟೂಲ್ಸ್ ಎಂಬ ಹಳೆಯ ಲೈಬ್ರರಿ ನನ್ನ ಮೇಲೆ ‘ಕಂಟೇನ್ಸ್’, ‘ಫ್ಲ್ಯಾಟನ್’ ಎಂದು ಹಾಸಿ ಹೋಗಿತ್ತು. ಅದೇ ಹೆಸರಲ್ಲಿ ನಾನು ಕೂತರೆ ಹಳೆಯ ಸೈಟುಗಳು ಕೆಡುತ್ತವೆ. ಹಾಗಾಗಿ ಕಂಟೇನ್ಸ್ ಹೋಗಿ ‘ಇನ್‌ಕ್ಲೂಡ್ಸ್’ ಆಯಿತು. 2018ರಲ್ಲಿ ಫ್ಲ್ಯಾಟನ್ ಬದಲು ‘ಸ್ಮೂಶ್’ ಅನ್ನೋಣ ಎಂದು ಒಬ್ಬರು ಅರೆತಮಾಷೆಗೆ ಅಂದದ್ದೇ ತಡ, ದೊಡ್ಡ ಹುಯಿಲೆದ್ದಿತು. ಕೊನೆಗೆ ‘ಫ್ಲ್ಯಾಟ್’ ಎಂದಾಯಿತು. ಈ ಠಾಣೆಯಲ್ಲಿ ಲೋನ್ ಇಲ್ಲದೆ ಫ್ಲ್ಯಾಟ್ ಸಿಕ್ಕಿದ್ದು ನನಗೊಬ್ಬನಿಗೇ.

ಪ್ರಶ್ನೆ: ಬೇಕಾದವರು ತಾವೇ ಬರೆದುಕೊಂಡರಾಗದೇ?

ಅರೇ: ಬರೆದುಕೊಂಡಿದ್ದಾರಲ್ಲ, ‘ಯುಟಿಲ್ಸ್’ ಅಂತ. ಬರೆದವನು ಬೇರೆ ಕಂಪನಿಗೆ ಹಾರಿರುತ್ತಾನೆ. ಉಳಿದವರಿಗೆ ಮುಟ್ಟಲು ಭಯ. ಹೊರಗಿನಿಂದ ತಂದರೆ ಇನ್ನೊಂದು ಕಥೆ. ಪದದ ಎಡಕ್ಕೆ ಖಾಲಿ ಜಾಗ ತುಂಬುವ ‘ಲೆಫ್ಟ್‌ಪ್ಯಾಡ್’ ಇತ್ತು, ಬರೀ 11 ಸಾಲು. 2016ರ ಮಾರ್ಚ್‌ನಲ್ಲಿ ಬರೆದವರು ಮುನಿಸಿಕೊಂಡು ಎನ್‌ಪಿಎಂ ಎಂಬ ಕೋಡ್ ಉಗ್ರಾಣದಿಂದ ಅದನ್ನು ಕಿತ್ತುಕೊಂಡರು. ಎಲ್ಲೆಲ್ಲಿಯದೋ ಬಿಲ್ಡ್‌ಗಳು ಮಕಾಡೆ ಮಲಗಿದವು. ಆ ಕೆಲಸಕ್ಕೆ ‘ಪ್ಯಾಡ್‌ಸ್ಟಾರ್ಟ್’ ಭಾಷೆಯೊಳಗೇ ಬಂದದ್ದು 2017ರ ಆವೃತ್ತಿಯಲ್ಲಿ.

ಪ್ರಶ್ನೆ: ಹಾಗಾದರೆ ಕೇಳಿದ್ದನ್ನೆಲ್ಲ ಸೇರಿಸಿಬಿಡಿ!

ಅರೇ: ಸೇರಿಸುವವರಿಗೇನು, ಒಂದು ದಿನದ ಸಂಭ್ರಮ. ಹೊರುವವನು ನಾನು. ಪೈಥಾನ್ 2024ರಲ್ಲಿ 19 ಹಳೆಯ ಮಾಡ್ಯೂಲ್‌ಗಳನ್ನು ಹೊರಗೆ ಹಾಕಿತು. ನಾನು ಬ್ರೌಸರಿನವನು, ನನಗೆ ಆ ಭಾಗ್ಯವಿಲ್ಲ. ನನ್ನ ‘ಸಾರ್ಟ್’ ನೋಡಿ. 10, 9, 1 ಕೊಟ್ಟು ಏನೂ ಹೇಳದೆ ಬಿಟ್ಟರೆ 1, 10, 9 ಎಂದು ಜೋಡಿಸುತ್ತೇನೆ. ಅಂಕಿಯನ್ನೂ ಅಕ್ಷರದಂತೆ ಓದುವ ಚಾಳಿ. ಈಗ ತಿದ್ದಿಕೊಂಡರೆ ಅದನ್ನೇ ನಂಬಿಕೊಂಡವರ ಗತಿ?

ಪ್ರಶ್ನೆ: 2023ರಲ್ಲಿ ಹೊಸದಾಗಿ ‘ಟುಸಾರ್ಟೆಡ್’ ಬಂತಲ್ಲ?

ಅರೇ: ಬಹಳ ಅನುಕೂಲ. ಮೂಲ ಸಾಲನ್ನು ಕದಲಿಸದೆ, ಜೋಡಿಸಿದ ಹೊಸ ಪ್ರತಿ ಕೊಡುತ್ತದೆ.

ಪ್ರಶ್ನೆ: ಅದಕ್ಕೆ 10, 9, 1 ಕೊಟ್ಟರೆ?

ಅರೇ: 1, 10, 9.