ನೀರೊಳಗಿನ ಬೆವರು: ಡ್ರೈ ಸೂಟ್ ದೃಷ್ಟಿಯಿಂದ ಒಂದು ಜಿಜ್ಞಾಸೆ

ವೈಶಂಪಾಯನ ಸರೋವರದಲ್ಲಿ ಅಡಗಿದ್ದ ದುರ್ಯೋಧನ ಭೀಮನ ಗರ್ಜನೆ ಕೇಳಿ ನೀರೊಳಗೇ ಬೆವೆತನೆಂದು ಹತ್ತನೇ ಶತಮಾನದ ರನ್ನ ಹೇಳಿ ಕೈತೊಳೆದುಕೊಂಡ. ಅಂದಿನಿಂದ ನಮ್ಮ ಕನ್ನಡ ಮೇಷ್ಟ್ರುಗಳು ಆ ಬೆವರನ್ನು ರೋಷದ ಖಾತೆಗೆ ಬರೆದು, ಪರೀಕ್ಷೆಯಲ್ಲಿ ಸಂದರ್ಭ-ಸ್ವಾರಸ್ಯಕ್ಕೆ ಕೊಡುತ್ತ ಬಂದಿದ್ದಾರೆ. ಆದರೆ ಸುತ್ತಲೂ ನೀರೇ ಇರುವಾಗ ಇದು ಬೆವರು, ಇದು ನೀರು ಎಂದು ಬೇರ್ಪಡಿಸಿದ್ದು ಹೇಗೆ? ಈ ಪ್ರಶ್ನೆಗೆ ಒಂದೇ ಸಮಾಧಾನ ಸಾಧ್ಯ: ಕೌರವೇಶ್ವರ ಡ್ರೈ ಸೂಟ್, ಅಂದರೆ ಒಳಗೆ ನೀರು ನುಗ್ಗದ ಮುಳುಗುಗಾರರ ಉಡುಪು, ತೊಟ್ಟಿದ್ದ.

ಪೂರ್ವಪಕ್ಷದವರು ಅವನನ್ನು ನೀರೊಳಗೆ ಕಾದ ಜಲಸ್ತಂಭನ ಮಂತ್ರದ ಮಾತೆತ್ತುತ್ತಾರೆ. ಎತ್ತಲಿ. ಮಂತ್ರ ಮಾಡುವುದನ್ನೇ ಐಸ್‌ಲ್ಯಾಂಡಿನ ಥಿಂಗ್‌ವೆಲ್ಲಿರ್ ರಾಷ್ಟ್ರೀಯ ಉದ್ಯಾನದ ಸಿಲ್ಫ್ರಾದಲ್ಲಿ ಸೂಟು ಮಾಡುತ್ತದೆ. ಉತ್ತರ ಅಮೆರಿಕ ಮತ್ತು ಯುರೇಷಿಯಾ ಭೂಫಲಕಗಳು ಒಂದರಿಂದೊಂದು ಸರಿಯುವಲ್ಲಿ ಬಾಯ್ಬಿಟ್ಟ ಬಿರುಕು ಅದು. ಲಾಂಗ್‌ಯೋಕುಲ್ ಹಿಮರಾಶಿ ಕರಗಿದ ನೀರು ಲಾವಾ ಬಂಡೆಗಳೊಳಗೆ ದಶಕಗಟ್ಟಲೆ ಸೋಸಿಕೊಂಡು ಅಲ್ಲಿಗೆ ಬರುತ್ತದೆ. ವರ್ಷವಿಡೀ 2ರಿಂದ 4 ಡಿಗ್ರಿ ಸೆಲ್ಸಿಯಸ್. ನೀರು ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಕಸಿಯುವುದರಿಂದ, ಬರಿಮೈಯಲ್ಲಿ ಇಳಿದು ಕುಳಿತವನಿಗೆ ತಪಸ್ಸಿನ ಮಾತಿಲ್ಲ, ನೇರ ಮೋಕ್ಷವೇ.

ಇನ್ನು ಧಾರಣವಿಧಿ. ಸೂಟು ಸ್ವತಃ ಬೆಚ್ಚಗಿಡುವುದು ಅಷ್ಟಕ್ಕಷ್ಟೇ. ಒಳಗಿನ ದಪ್ಪ ಉಡುಪು ಹಿಡಿದಿಟ್ಟ ಗಾಳಿಯೇ ಶಾಖವನ್ನು ಕಾಯುವುದು. ಆದ್ದರಿಂದ ಶಿಷ್ಯ ಮೊದಲು ಕಂಬಳಿಯಂಥ ಒಳ ಉಡುಪು ತೊಟ್ಟು, ಸೂಟಿಗೆ ಕಾಲು ತೂರಿಸಿ, ನೀರು ತಡೆಯುವ ಕುತ್ತಿಗೆ-ಮಣಿಕಟ್ಟಿನ ಲೇಟೆಕ್ಸ್ ಸೀಲಿಗೆ ಟಾಲ್ಕಂ ಪೌಡರ್ ಬಳಿದು, ಇಕ್ಕಟ್ಟಾದ ಕುತ್ತಿಗೆಯಿಂದ ತಲೆಯನ್ನು ಹೊರತರಬೇಕು. ಇದೊಂದು ಹೆರಿಗೆ, ನೋವು ಮಾತ್ರ ಪೂರ್ತಿ ಶಿಶುವಿನದು. ಬೆನ್ನಿನ ಮೇಲೆ ಹಾಯುವ ಜಿಪ್ಪನ್ನು ತಾನೇ ಎಳೆದುಕೊಳ್ಳಲಾಗದು, ಇನ್ನೊಬ್ಬರು ಬೇಕು. ಸಂಜಯ ಕೊನೆಯವರೆಗೂ ದೊರೆಯ ಹಿಂದೆಯೇ ಏಕಿದ್ದ ಎಂಬುದು ಈಗ ತಿಳಿಯಿತಲ್ಲ? ಜಿಪ್ಪಿನ ಹಲ್ಲು ಸರಿಯಾಗಿ ಕೂಡಿದೆಯೇ ಎಂದು ನೋಡಲು ದಿವ್ಯದೃಷ್ಟಿ ತುಸು ಹೆಚ್ಚೇ ಆಯಿತು, ಅಷ್ಟೆ.

ಇಷ್ಟಾಗುವಾಗ ದಡದಲ್ಲೇ ಶಿಷ್ಯ ತೊಪ್ಪೆಯಾಗಿರುತ್ತಾನೆ. ನೀರಿಗಿಳಿಯುವ ಮೊದಲು ಬೆವರಬೇಡಿ, ಒಳ ಉಡುಪು ಒದ್ದೆಯಾದರೆ ಆಮೇಲೆ ನಡುಗುತ್ತೀರಿ ಎಂದು ಕಲಿಸುವವರು ಬಡಿದುಕೊಳ್ಳುತ್ತಾರೆ. ರನ್ನ ಕಂಡದ್ದು ಇದೇ ಬೆವರು. ಸೀಲಿನ ಹೊರಗೆ ಸರೋವರ, ಒಳಗೆ ಸ್ವೇದ, ಎರಡಕ್ಕೂ ಸಂಬಂಧವಿಲ್ಲ.

ಗದೆಯ ಪ್ರಶ್ನೆ ಇನ್ನೂ ಸುಲಭ. ಅಡಗಲು ಹೊರಟವನಿಗೆ ಗದೆ ಏಕೆ? ಸೂಟಿನೊಳಗಿನ ಗಾಳಿ ಮನುಷ್ಯನನ್ನು ತೇಲಿಸುತ್ತದೆ. ಮುಳುಗಲು ಮಾಮೂಲಿಗಿಂತ ಹೆಚ್ಚು ಸೀಸದ ತೂಕ ಕಟ್ಟಿಕೊಳ್ಳಬೇಕು. ಗದೆ ಆ ತೂಕ. ಹೆಜ್ಜೆ ಗುರುತು ದಿಕ್ಕು ತಪ್ಪಿಸಲೆಂದು ಕೌರವ ಹಿಮ್ಮುಖವಾಗಿ ನಡೆದು ಕೊಳ ಹೊಕ್ಕನೆಂಬ ಕಥೆಯೂ ಉಂಟು. ಕಾಲಿಗೆ ಈಜುರೆಕ್ಕೆ ಕಟ್ಟಿಕೊಂಡವರು ದಡದಿಂದ ಹಿಂದು ಹಿಂದಾಗಿಯೇ ನೀರಿಗಿಳಿಯುವುದು. ಮುಂದಕ್ಕೆ ನಡೆದರೆ ಮುಗ್ಗರಿಸುತ್ತಾರೆ.

ಮುಂದಿನದು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮಕ್ಕೆ ಸೇರಿದ್ದು. ಹತ್ತು ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿ, ಗಾಳಿಯ ಗಾತ್ರ ಅರ್ಧ. ಸೂಟು ಮೈಯನ್ನು ಎಲ್ಲೆಂದರಲ್ಲಿ ಚಿವುಟುತ್ತದೆ. ಎದೆಯ ಗುಂಡಿ ಒತ್ತಿ ಗಾಳಿ ತುಂಬಿಕೊಳ್ಳಬೇಕು. ಏರುವಾಗ ಅದೇ ಗಾಳಿ ಹಿಗ್ಗುತ್ತದೆ. ಎಡತೋಳಿನ ಕವಾಟ ಸಡಿಲಿಸಿ, ತೋಳೆತ್ತಿ ಹೊರಬಿಡಬೇಕು. ತಲೆ ಕೆಳಗಾಯಿತೋ, ಗಾಳಿ ಪಾದಗಳಿಗೆ ನುಗ್ಗಿ ಶಿಷ್ಯ ತಲೆಕೆಳಗಾಗಿ ಮೇಲೇರತೊಡಗುತ್ತಾನೆ. ಮೊಣಕಾಲನ್ನು ಎದೆಗೆಳೆದು ಒಂದು ಲಾಗ ಹಾಕಿ ನೆಟ್ಟಗಾಗುವುದೇ ಪರಿಹಾರ. ಇಡೀ ವಿದ್ಯೆಯ ತಿರುಳು ಈ ಲಾಗದಲ್ಲಿದೆ. ಆದ್ದರಿಂದಲೇ ಅದನ್ನು ಮೊದಲು ಈಜುಕೊಳದಂಥ ಕಡಿಮೆ ಆಳದ ನೀರಿನಲ್ಲಿ ಮಾಡಿಸುವುದು.

ದುರ್ಯೋಧನ ಎಡವಿದ್ದು ಇಲ್ಲಿಯೇ. ಗರ್ಜನೆ ಕೇಳಿದವನು ಸೀದಾ ಮೇಲಕ್ಕೆ ಹೊರಟ. ಕವಾಟ ಸಡಿಲಿಸೋಣವೆಂದರೆ ಕೈಯಲ್ಲಿ ಗದೆ. ಭೀಮ ತೊಡೆಗೇ ಹೊಡೆದದ್ದಕ್ಕೆ ಎಲ್ಲರೂ ಪ್ರತಿಜ್ಞೆಯ ಕಾರಣ ಕೊಡುತ್ತಾರೆ. ಗಾಳಿ ತುಂಬಿ ಉಬ್ಬಿದ ತೊಡೆ ಸುಲಭದ ಗುರಿಯಾಗಿತ್ತೆಂಬುದನ್ನು ಗಮನಿಸಿದವರಿಲ್ಲ. (ದಡದ ಮೇಲೆ ನಿಂತವನ ಸೂಟಿನಲ್ಲಿ ಹಾಗಾಗದು ಎಂಬ ಭೌತಶಾಸ್ತ್ರಜ್ಞರ ತಕರಾರನ್ನು ಸ್ಥಳಾಭಾವದಿಂದ ಕೈಬಿಡಲಾಗಿದೆ.)

ಫಲಿತಾಂಶ: ಕೌರವ ಅನುತ್ತೀರ್ಣ. ಜೊತೆಗಾರನಿಲ್ಲದೆ ಇಳಿದದ್ದೊಂದೇ ಸಾಕಿತ್ತು. ಈ ಸಿದ್ಧಾಂತವನ್ನು ಖಂಡಿಸಬಯಸುವ ವಿದ್ವಾಂಸರು ದಯವಿಟ್ಟು ಮೊದಲು ಸಿಲ್ಫ್ರಾದಲ್ಲಿ ಮುಳುಗಿ ಬರಬೇಕು. ಅಲ್ಲಿ ಡ್ರೈ ಸೂಟ್ ತರಬೇತಿಯ ಇಲ್ಲವೇ ಅನುಭವದ ದಾಖಲೆ ತೋರಿಸದವರನ್ನು ಡೈವಿಂಗಿಗೆ ಬಿಡುವುದಿಲ್ಲ. ಪಿಎಚ್.ಡಿ. ನಡೆಯದು.